ನೀರಿನಲ್ಲಿ ತೇಲುವ ಫೋಟೋ

ಮನೆಯಲ್ಲಿ ಮದುವೆ ನಡೆಯಲಿ, ಈದ್ ಬರಲಿ, ಮಗು ಮೊದಲ ಹೆಜ್ಜೆ ಇಡಲಿ, ಇಂದು ಫೋಟೋ ತೆಗೆಯಲು ಅರೆಕ್ಷಣ ಸಾಕು. ಒಂದೇ ದೃಶ್ಯದ ಹತ್ತು ಹದಿನೈದು ಚಿತ್ರಗಳು ಮೊಬೈಲಿನಲ್ಲಿ ಸೇರಿಬಿಡುತ್ತವೆ. ಅವುಗಳಲ್ಲಿ ಎಷ್ಟನ್ನು ನಾವು ಮತ್ತೆ ತೆರೆದು ನೋಡುತ್ತೇವೆ? ಹೆಚ್ಚಿನವು ಮೊಬೈಲ್ ಹಾಳಾದ ದಿನ ಅದರೊಂದಿಗೇ ಹೋಗುತ್ತವೆ. ಹೋದದ್ದು ಏನೆಂಬುದೂ ನಮಗೆ ನೆನಪಿರುವುದಿಲ್ಲ.

ಆದರೆ ಒಂದೇ ಒಂದು ಫೋಟೋಕ್ಕಾಗಿ ಇಡೀ ಮಧ್ಯಾಹ್ನವನ್ನು ಮುಡಿಪಾಗಿಡುವವರೂ ಜಗತ್ತಿನಲ್ಲಿದ್ದಾರೆ. ಅವರು ಫೋಟೋವನ್ನು ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ಹಾಲಿನ ಮೇಲಿನ ಕೆನೆಯನ್ನು ಎತ್ತುವಂತೆ ಅದರ ಮೇಲಿನ ಬಣ್ಣದ ಪದರವನ್ನು ಬಿಡಿಸಿ ತೆಗೆಯುತ್ತಾರೆ. ಆ ಪದರ ನೀರಿನಲ್ಲಿ ತೆಳು ದುಪಟ್ಟಾದಂತೆ ತೇಲುತ್ತದೆ. ಅದನ್ನು ಮೆಲ್ಲನೆ ಇನ್ನೊಂದು ಕಾಗದದ ಮೇಲೋ ಗಾಜಿನ ಮೇಲೋ ಮರದ ಹಲಗೆಯ ಮೇಲೋ ಹಾಸಿ ಒಣಗಿಸುತ್ತಾರೆ. ಅಂಚು ಸ್ವಲ್ಪ ಹರಿದಿರುತ್ತದೆ, ಅಲ್ಲಲ್ಲಿ ನೆರಿಗೆ ಬಿದ್ದಿರುತ್ತದೆ. ಕ್ಯಾಮರಾ ತೆಗೆದ ಚಿತ್ರ ಈಗ ಕೈಯಿಂದ ಬರೆದ ಚಿತ್ರದಂತೆ ಕಾಣುತ್ತದೆ. ಇಂತಹ ಇನ್ನೊಂದನ್ನು ಮಾಡುತ್ತೇನೆಂದು ಹೊರಟರೂ ಇದರಂತೆಯೇ ಇರುವುದು ಬರಲಾರದು.

ಇದು ಇನ್‌ಸ್ಟಂಟ್ ಫಿಲ್ಮ್ ಅಥವಾ ಪೊಲರಾಯ್ಡ್ ಫಿಲ್ಮಿನಿಂದ ಹುಟ್ಟಿದ ಕಲೆ. ಆತುರಕ್ಕಾಗಿ ಮಾಡಿದ ವಸ್ತುವೊಂದು ತಾಳ್ಮೆಯ ಕಲೆಯಾಗಿ ಬದಲಾದ ಕತೆ ಇದು. ಕಲಾಶಾಲೆಯ ಮೆಟ್ಟಿಲು ಹತ್ತದವರೂ ಊಟದ ಮೇಜಿನ ಮೇಲೆ ಮಾಡಬಹುದಾದ ಕೆಲಸವೂ ಹೌದು.

ಮಗಳ ಪ್ರಶ್ನೆ, ತಂದೆಯ ಉತ್ತರ

ಅಮೆರಿಕಾದ ವಿಜ್ಞಾನಿ ಎಡ್ವಿನ್ ಲ್ಯಾಂಡ್ 1937ರಲ್ಲಿ ಪೊಲರಾಯ್ಡ್ ಕಂಪೆನಿಯನ್ನು ಸ್ಥಾಪಿಸಿದರು. ಆಗ ಅವರ ಕೆಲಸ ಬೆಳಕಿನ ಪ್ರಖರತೆಯನ್ನು ತಡೆಯುವ ವಿಶೇಷ ಹಾಳೆಗಳಿಗೆ ಸಂಬಂಧಿಸಿತ್ತು. 1943ರಲ್ಲಿ ಅವರು ಕುಟುಂಬದೊಂದಿಗೆ ರಜೆಗೆಂದು ಸಾಂಟಾ ಫೆ ನಗರಕ್ಕೆ ಹೋಗಿದ್ದರು. ಅಲ್ಲಿ ತೆಗೆದ ಫೋಟೋವನ್ನು ಈಗಲೇ ಏಕೆ ನೋಡಲಾಗದು ಎಂದು ಮೂರು ವರ್ಷದ ಮಗಳು ಜೆನಿಫರ್ ಕೇಳಿದಳು. ಮಕ್ಕಳ ಇಂತಹ ಪ್ರಶ್ನೆಗಳಿಗೆ "ಸುಮ್ಮನಿರು" ಎನ್ನುವವರೇ ಹೆಚ್ಚು. ಆದರೆ ಲ್ಯಾಂಡ್ ನಡೆದಾಡುತ್ತಾ ಅದರ ಬಗ್ಗೆಯೇ ಯೋಚಿಸಿದರು. ಫಿಲ್ಮನ್ನು ತೊಳೆದು ಸಂಸ್ಕರಿಸುವ ಕತ್ತಲೆ ಕೋಣೆಯನ್ನೇ ಫಿಲ್ಮಿನೊಳಗೆ ಅಡಗಿಸಿಟ್ಟರೆ ಹೇಗೆ?

1947ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಅವರು ಇದನ್ನು ಮಾಡಿ ತೋರಿಸಿದರು. 1948ರ ನವೆಂಬರಿನಲ್ಲಿ ಬೋಸ್ಟನ್ ನಗರದ ಅಂಗಡಿಯೊಂದರಲ್ಲಿ ಮೊದಲ ಕ್ಯಾಮರಾ ಮಾರಾಟಕ್ಕೆ ಬಂತು. ಅಲ್ಲಿದ್ದ ಕ್ಯಾಮರಾಗಳೆಲ್ಲ ಮೊದಲ ದಿನವೇ ಖಾಲಿಯಾದವು. ಫೋಟೋ ತೆಗೆದು ಹಾಳೆಯನ್ನು ಹೊರಗೆಳೆದು ಒಂದು ನಿಮಿಷ ಕಾದರೆ ಚಿತ್ರ ಸಿದ್ಧ. ಸ್ಟುಡಿಯೋಕ್ಕೆ ಹೋಗಿ ವಾರಗಟ್ಟಲೆ ಕಾಯುತ್ತಿದ್ದ ಜನರಿಗೆ ಇದು ಜಾದೂವಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಕತೆಯಲ್ಲಿ ಹೆಚ್ಚಿನವರು ಕೇಳಿರದ ಒಬ್ಬ ಮಹಿಳೆಯ ಹೆಸರಿದೆ. ಅವರು ಮೆರೋಯಿ ಮೋರ್ಸ್. ಅವರು ಓದಿದ್ದು ಕಲೆಯ ಇತಿಹಾಸ. ರಸಾಯನ ವಿಜ್ಞಾನದ ಪದವಿ ಅವರಲ್ಲಿರಲಿಲ್ಲ. 1945ರಲ್ಲಿ ಸ್ಮಿತ್ ಕಾಲೇಜಿನಿಂದ ಹೊರಬಂದು ಪೊಲರಾಯ್ಡ್ ಸೇರಿದ ಅವರು ಪ್ರಯೋಗಾಲಯದಲ್ಲಿ ನಿಂತು ಕೆಲಸ ಕಲಿತರು. ಮುಂದೆ ಕಪ್ಪು-ಬಿಳುಪು ಫಿಲ್ಮಿನ ಸಂಶೋಧನಾ ವಿಭಾಗಕ್ಕೇ ಮುಖ್ಯಸ್ಥೆಯಾದರು. 1948ರ ಮೊದಲ ಫಿಲ್ಮಿನ ಚಿತ್ರಗಳು ಕಂದು ಬಣ್ಣದಲ್ಲಿ ಬರುತ್ತಿದ್ದವು. ನಿಜವಾದ ಕಪ್ಪು-ಬಿಳುಪಿನ ಫಿಲ್ಮ್ 1950ರಲ್ಲಿ ಹೊರಬಂತು. ಅದರ ಹಿಂದೆ ಮೋರ್ಸ್ ಮತ್ತು ಅವರ ತಂಡದ ದುಡಿಮೆಯಿತ್ತು. ಆ ಚಿತ್ರಗಳು ಕೆಲವು ತಿಂಗಳಲ್ಲೇ ಮಾಸತೊಡಗಿದಾಗ, ಮೇಲೆ ಸವರುವ ರಕ್ಷಕ ದ್ರಾವಣವೊಂದನ್ನು ಕಂಪೆನಿ ಹೊರತಂದಿತು. ಪರ್ವತ, ಕಣಿವೆಗಳ ಫೋಟೋಗಳಿಗೆ ಹೆಸರಾದ ಆನ್ಸೆಲ್ ಆಡಮ್ಸ್ ಕಂಪೆನಿಗೆ ಸಲಹೆಗಾರರಾಗಿದ್ದರು. ಹೊಸ ಫಿಲ್ಮ್‌ಗಳನ್ನು ಪರೀಕ್ಷಿಸಿ ಅವರು ಕೊಡುತ್ತಿದ್ದ ಅಭಿಪ್ರಾಯಗಳನ್ನು ಪ್ರಯೋಗಾಲಯಕ್ಕೆ ಮುಟ್ಟಿಸುವ ಕೊಂಡಿಯೂ ಮೋರ್ಸ್ ಆಗಿದ್ದರು. 1969ರಲ್ಲಿ, ಇನ್ನೂ ನಲವತ್ತರ ಹರೆಯದಲ್ಲೇ ಅವರು ತೀರಿಕೊಂಡರು. ಕಲೆ ಓದಿದ ಹೆಣ್ಣುಮಗಳಿಗೆ ಪ್ರಯೋಗಾಲಯದಲ್ಲೇನು ಕೆಲಸ ಎಂದು ಅಂದು ಯಾರಾದರೂ ಬಾಗಿಲಲ್ಲೇ ತಡೆದಿದ್ದರೆ, ಈ ಫಿಲ್ಮಿನ ಇತಿಹಾಸ ಬೇರೆಯೇ ಆಗಿರುತ್ತಿತ್ತು.

ಮೆಹಂದಿಯ ಗುಟ್ಟೇ ಇಲ್ಲಿಯದೂ

1963ರಲ್ಲಿ ಬಣ್ಣದ ಪೊಲರಾಯ್ಡ್ ಫಿಲ್ಮ್ ಬಂತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯದೆ ಈ ಕಲೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಕೈಗೆ ಮೆಹಂದಿ ಹಚ್ಚಿದವರಿಗೆ ಮಾತ್ರ ಇದು ಬೇಗ ತಿಳಿಯುತ್ತದೆ.

ಮೆಹಂದಿಯ ಲೇಪವನ್ನು ಹಚ್ಚಿದಾಗ ಏನಾಗುತ್ತದೆ? ಹಸಿ ಲೇಪದೊಳಗಿನ ಬಣ್ಣ ನಿಧಾನವಾಗಿ ಚರ್ಮಕ್ಕೆ ಇಳಿಯುತ್ತದೆ. ಸಾಕಷ್ಟು ಹೊತ್ತಾದ ಮೇಲೆ ಲೇಪವನ್ನು ಉದುರಿಸಿ ಬಿಸಾಡುತ್ತೇವೆ, ಬಣ್ಣ ಕೈಯಲ್ಲಿ ಉಳಿಯುತ್ತದೆ. ಬೇಗ ತೊಳೆದರೆ ಬಣ್ಣ ತಿಳಿಯಾಗುತ್ತದೆ.

ಸುಲಿಯುವ ಪೊಲರಾಯ್ಡ್ ಫಿಲ್ಮಿನಲ್ಲೂ ಎರಡು ಹಾಳೆಗಳಿರುತ್ತವೆ. ಒಂದು ನೆಗೆಟಿವ್. ಅದರಲ್ಲಿ ಬೆಳಕಿಗೆ ಸ್ಪಂದಿಸುವ ಪದರಗಳೂ ಅವುಗಳ ಜೊತೆಗೆ ನೀಲಿ, ಕೆನ್ನೇರಳೆ, ಹಳದಿ ಬಣ್ಣಗಳೂ ಇರುತ್ತವೆ. ಇನ್ನೊಂದು ಬಣ್ಣವನ್ನು ಹೀರಿಕೊಳ್ಳುವ ಹಾಳೆ. ಅಂಚಿನಲ್ಲಿ ಸಣ್ಣ ಚೀಲವೊಂದರಲ್ಲಿ ಕ್ಷಾರದ ಲೇಪವಿರುತ್ತದೆ. ಫೋಟೋ ತೆಗೆದು ಹಾಳೆಯನ್ನು ಹೊರಗೆಳೆದಾಗ ಕ್ಯಾಮರಾದ ಎರಡು ಉರುಳೆಗಳ ನಡುವೆ ಸಿಕ್ಕಿ ಆ ಚೀಲ ಒಡೆಯುತ್ತದೆ, ಲೇಪ ಎರಡು ಹಾಳೆಗಳ ನಡುವೆ ಹರಡುತ್ತದೆ. ಬೆಳಕು ಬಿದ್ದ ಕಡೆ ಬಣ್ಣ ನೆಗೆಟಿವ್‌ನಲ್ಲೇ ಸೆರೆಯಾಗಿ ಉಳಿಯುತ್ತದೆ. ಬೆಳಕು ಬೀಳದ ಕಡೆಯ ಬಣ್ಣ ಬಿಡುಗಡೆ ಹೊಂದಿ ಎದುರಿನ ಹಾಳೆಗೆ ದಾಟುತ್ತದೆ. ಸುಮಾರು ಒಂದು ನಿಮಿಷದಲ್ಲಿ ಎರಡನ್ನೂ ಬೇರ್ಪಡಿಸಿದರೆ ಒಂದು ಕೈಯಲ್ಲಿ ಫೋಟೋ, ಇನ್ನೊಂದು ಕೈಯಲ್ಲಿ ಕೊಳೆಯಾದ ನೆಗೆಟಿವ್ ಇರುತ್ತದೆ. ನೆಗೆಟಿವ್ ಕಸದ ಬುಟ್ಟಿಗೆ ಹೋಗುತ್ತದೆ.

ಕಲಾವಿದರ ಕಣ್ಣು ಬಿದ್ದದ್ದು ಈ ಕಸದ ಮೇಲೆಯೇ. ಬಣ್ಣ ಪೂರ್ತಿ ದಾಟುವ ಮೊದಲೇ ಹಾಳೆಗಳನ್ನು ಬೇರ್ಪಡಿಸಿದರೆ? ಉಳಿದ ಬಣ್ಣ ನೆಗೆಟಿವ್‌ನಲ್ಲೇ ಇರುತ್ತದಲ್ಲ? ಅದನ್ನು ನಮಗೆ ಬೇಕಾದ ಕಾಗದಕ್ಕೆ ಒತ್ತಿ ಇಳಿಸಬಹುದಲ್ಲ? ಹೀಗೆ ಹುಟ್ಟಿದ್ದು ಚಿತ್ರ ವರ್ಗಾವಣೆ ಎಂಬ ಕಲೆ.

ಬಿಸಾಡುವ ಹಾಳೆಯ ಚೆಲುವು

ಚಿತ್ರ ವರ್ಗಾವಣೆಗೆ ಹೆಚ್ಚು ಬಳಕೆಯಾಗುತ್ತಿದ್ದದ್ದು ಪೊಲರಾಯ್ಡಿನ ಟೈಪ್ 669 ಎಂಬ ಫಿಲ್ಮ್. ಜಲವರ್ಣದ ದಪ್ಪ ಕಾಗದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೇಲಿನ ನೀರನ್ನು ಒರೆಸಿ ಸಿದ್ಧವಾಗಿಟ್ಟುಕೊಳ್ಳುತ್ತಿದ್ದರು. ಫಿಲ್ಮನ್ನು ಹೊರಗೆಳೆದ 10ರಿಂದ 15 ಸೆಕೆಂಡುಗಳಲ್ಲಿ ಎರಡು ಹಾಳೆಗಳನ್ನು ಬೇರ್ಪಡಿಸಿ, ನೆಗೆಟಿವ್ ಅನ್ನು ಒದ್ದೆ ಕಾಗದದ ಮೇಲೆ ಕವುಚಿ ಹಾಕಿ, ರಬ್ಬರಿನ ರೋಲರನ್ನು ಒಂದೇ ದಿಕ್ಕಿನಲ್ಲಿ ನಾಲ್ಕಾರು ಬಾರಿ ಉರುಳಿಸುತ್ತಿದ್ದರು. ಸುಮಾರು ಎರಡು ನಿಮಿಷ ಬೆಚ್ಚಗಿಟ್ಟು ಒಂದು ಮೂಲೆಯಿಂದ ಮೆಲ್ಲನೆ ಎಬ್ಬಿಸಿದಾಗ ಕಾಗದದ ಎಳೆಎಳೆಯಲ್ಲೂ ಬಣ್ಣ ಇಳಿದಿರುತ್ತಿತ್ತು.

ಈ ಕೆಲಸದ ಕಷ್ಟ ಸಣ್ಣದಲ್ಲ. ಒತ್ತಡ ಹೆಚ್ಚಾದರೆ ಚಿತ್ರ ಕದಡುತ್ತದೆ. ಕಡಿಮೆಯಾದರೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಉಳಿಯುತ್ತವೆ. ಅವಸರದಿಂದ ಎಳೆದರೆ ಗಾಢ ಬಣ್ಣದ ಭಾಗಗಳು ನೆಗೆಟಿವ್‌ನೊಂದಿಗೇ ಎದ್ದು ಬಂದು ಕಾಗದ ಬೋಳಾಗುತ್ತದೆ. ಒಣಗುವ ಮೊದಲು ವಿನಿಗರ್ ಬೆರೆಸಿದ ನೀರಿನಲ್ಲಿ ಒಂದು ನಿಮಿಷ ಅದ್ದಿ ತೊಳೆಯುವ ಪದ್ಧತಿಯೂ ಇತ್ತು. ಒಂದು ಪಾಲು ವಿನಿಗರಿಗೆ ನಾಲ್ಕು ಪಾಲು ನೀರು. ಕ್ಷಾರವನ್ನು ವಿನಿಗರಿನ ಆಮ್ಲ ತಣಿಸುವುದರಿಂದ ಬಣ್ಣಗಳು ತಿಳಿಯಾಗಿ ಹೊಳೆಯುತ್ತಿದ್ದವು. ಮಾಸಿದ ಕಡೆ ಜಲವರ್ಣದಿಂದಲೋ ಬಣ್ಣದ ಪೆನ್ಸಿಲಿನಿಂದಲೋ ತಿದ್ದುತ್ತಿದ್ದರು.

ಇಟಲಿಯ ಕಲಾವಿದ ಪಾವೊಲೊ ಜೋಲಿ ಈ ದಾರಿಯಲ್ಲಿ ಬಹುಕಾಲ ನಡೆದವರು. 1942ರಲ್ಲಿ ಹುಟ್ಟಿ 2022ರಲ್ಲಿ ನಿಧನರಾದ ಅವರು ಪೊಲರಾಯ್ಡ್ ಚಿತ್ರಗಳನ್ನು ಚಿತ್ರಕಲೆಯ ಕಾಗದಕ್ಕೆ ಮಾತ್ರವಲ್ಲ, ರೇಷ್ಮೆ ಬಟ್ಟೆಗೂ ವರ್ಗಾಯಿಸಿದರು. ಗ್ರೀಸ್‌ನಲ್ಲಿ ಹುಟ್ಟಿ ಅಮೆರಿಕಾದಲ್ಲಿ ನೆಲೆಸಿದ್ದ ಲೂಕಾಸ್ ಸಮಾರಾಸ್ ಬೇರೊಂದು ದಾರಿ ಹಿಡಿದರು. 1972ರಲ್ಲಿ ಬಂದ ಎಸ್‌ಎಕ್ಸ್-70 ಕ್ಯಾಮರಾದ ಫಿಲ್ಮನ್ನು ಸುಲಿಯುವ ಅಗತ್ಯವಿರಲಿಲ್ಲ. ಎಲ್ಲ ಪದರಗಳೂ ಒಂದೇ ಲಕೋಟೆಯಲ್ಲಿದ್ದವು. ಅದರೊಳಗಿನ ಬಣ್ಣ ಕೆಲಹೊತ್ತು ಮೆತ್ತಗೆ ಇರುತ್ತದೆ ಎಂಬುದನ್ನು ಗಮನಿಸಿದ ಸಮಾರಾಸ್, ಮೇಲಿನಿಂದ ಮೊಂಡು ಮೊನೆಯಿಂದ ಒತ್ತಿ ತೀಡಿ ತಮ್ಮದೇ ಭಾವಚಿತ್ರಗಳನ್ನು ವಿಚಿತ್ರ ರೂಪಗಳಾಗಿ ಬದಲಿಸಿದರು. 1973ರಿಂದ ಮೂರ್ನಾಲ್ಕು ವರ್ಷ ಮಾಡಿದ ಈ ಸರಣಿಯ ಅನೇಕ ಚಿತ್ರಗಳನ್ನು ಅವರು ತಮ್ಮ ಮನೆಯ ಅಡುಗೆಕೋಣೆಯಲ್ಲೇ ತೆಗೆದಿದ್ದರು.

ಪದರವನ್ನೇ ಎತ್ತುವುದು

ಲೇಖನದ ಆರಂಭದಲ್ಲಿ ಹೇಳಿದ, ನೀರಿನಲ್ಲಿ ತೇಲುವ ಫೋಟೋದ ವಿಧಾನ ಇನ್ನೊಂದು. ಇದಕ್ಕೆ ಎಮಲ್ಷನ್ ಲಿಫ್ಟ್ ಎನ್ನುತ್ತಾರೆ. ಇಲ್ಲಿ ಬೇಕಾಗುವುದು ಪೂರ್ತಿಯಾಗಿ ಮೂಡಿದ ಫೋಟೋವೇ.

669 ಫಿಲ್ಮಿನ ಕಾಲದಲ್ಲಿ ಫೋಟೋವನ್ನು ಒಂದು ದಿನ ಒಣಗಿಸಿ, ಹಿಂಬದಿಗೆ ಪುಸ್ತಕಕ್ಕೆ ಹೊದಿಸುವಂತಹ ಅಂಟುಹಾಳೆ ಅಂಟಿಸಿ, ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ನಾಲ್ಕು ನಿಮಿಷ ಮುಳುಗಿಸುತ್ತಿದ್ದರು. ಬಳಿಕ ತಣ್ಣೀರಿಗೆ ಹಾಕಿ ಅಂಚುಗಳನ್ನು ಬೆರಳಿನಿಂದ ಒಳಗೆ ತಳ್ಳುತ್ತಾ ಬಂದರೆ ಬಣ್ಣದ ಪದರ ಕಾಗದದಿಂದ ಕಳಚಿಕೊಳ್ಳುತ್ತಿತ್ತು. ಅದನ್ನು ಪಾರದರ್ಶಕ ಹಾಳೆಯ ಮೇಲೆ ಹಾಸಿ, ನೀರಿನಲ್ಲಿ ಅದ್ದಿ ತೆಗೆದು, ಸುಕ್ಕುಗಳನ್ನು ಬೇಕಾದಷ್ಟು ಬಿಡಿಸಿ, ಬೇಕಾದಷ್ಟು ಉಳಿಸಿ, ಹೊಸ ಜಾಗಕ್ಕೆ ಇಳಿಸುತ್ತಿದ್ದರು.

ಈ ಎರಡೂ ವಿಧಾನಗಳನ್ನು ಮನೆಯಲ್ಲೇ ಕಲಿಯಬಹುದು ಎಂದು ಹೇಳಿಕೊಟ್ಟವರಲ್ಲಿ ಅಮೆರಿಕಾದ ಛಾಯಾಗ್ರಾಹಕಿ ಕ್ಯಾಥ್ಲೀನ್ ಥಾರ್ಮೋಡ್ ಕಾರ್ ಒಬ್ಬರು. ಪೊಲರಾಯ್ಡ್ ವರ್ಗಾವಣೆಯ ಕುರಿತು ಅವರು ಬರೆದ ಸಚಿತ್ರ ಕೈಪಿಡಿ 1997ರಲ್ಲಿ ಪ್ರಕಟವಾಯಿತು. ಆ ದಿನಗಳಲ್ಲಿ ಡೇಲ್ಯಾಬ್ ಎಂಬ ಸಣ್ಣ ಯಂತ್ರವೂ ಸಿಗುತ್ತಿತ್ತು. ಸಾಮಾನ್ಯ ಕ್ಯಾಮರಾದಲ್ಲಿ ತೆಗೆದ ಸ್ಲೈಡನ್ನು ಅದರಲ್ಲಿಟ್ಟರೆ ಪೊಲರಾಯ್ಡ್ ಫಿಲ್ಮಿನ ಮೇಲೆ ಪ್ರತಿ ಮೂಡುತ್ತಿತ್ತು. ಒಂದು ಪ್ರತಿ ಕೆಟ್ಟರೆ ಇನ್ನೊಂದನ್ನು ಮಾಡಿಕೊಳ್ಳಬಹುದು. ಕಲಿಯುವವರಿಗೆ ಇದರಿಂದ ದೊಡ್ಡ ಧೈರ್ಯ ಬಂತು. ಇಲ್ಲವಾದರೆ ಪೊಲರಾಯ್ಡ್ ಚಿತ್ರವೆಂದರೆ ಇರುವುದು ಒಂದೇ ಪ್ರತಿ. ನೀರಿಗೆ ಹಾಕಿದ ಮೇಲೆ ಅದು ಚಿತ್ರವಾಗಿ ಮೇಲೆ ಬರಬೇಕು, ಅಥವಾ ಚೂರುಚೂರಾಗಿ ಕಳೆದುಹೋಗಬೇಕು.

ಫಿಲ್ಮೇ ಇಲ್ಲವಾದಾಗ

ಒಂದು ಕಲೆಗೆ ಬೇಕಾದ ವಸ್ತುವನ್ನು ಜಗತ್ತಿನಲ್ಲಿ ಒಂದೇ ಒಂದು ಕಂಪೆನಿ ತಯಾರಿಸುತ್ತಿದ್ದರೆ ಏನಾಗುತ್ತದೆ? ಆ ಕಂಪೆನಿ ಬಾಗಿಲು ಮುಚ್ಚಿದ ದಿನ ಕಲಾವಿದರ ಕೈಯೂ ಕಟ್ಟಿಹೋಗುತ್ತದೆ. ಪೊಲರಾಯ್ಡ್ ವಿಷಯದಲ್ಲಿ ಬಹುತೇಕ ಇದೇ ಆಯಿತು.

ಡಿಜಿಟಲ್ ಕ್ಯಾಮರಾಗಳ ಹೊಡೆತಕ್ಕೆ ಸಿಕ್ಕಿದ ಪೊಲರಾಯ್ಡ್ 2001ರಲ್ಲಿ ದಿವಾಳಿಯಾಯಿತು. ಹೊಸ ಒಡೆಯರ ಕೈಗೆ ಹೋದ ಬಳಿಕ 2008ರ ಫೆಬ್ರವರಿಯಲ್ಲಿ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಎಷ್ಟೋ ವರ್ಷ ಪಳಗಿದ ಕೈಗಳಿಗೆ ಇದ್ದಕ್ಕಿದ್ದಂತೆ ಕೆಲಸವಿಲ್ಲದಾಯಿತು. ಕಂಪೆನಿ ದಶಕಗಳಿಂದ ಕಲಾವಿದರಿಗೆ ಫಿಲ್ಮ್ ಕೊಟ್ಟು ಚಿತ್ರಗಳನ್ನು ಪಡೆದು ಕೂಡಿಹಾಕಿದ್ದ ಸಂಗ್ರಹದ ಒಂದು ಭಾಗ 2010ರಲ್ಲಿ ನ್ಯೂಯಾರ್ಕಿನ ಸಾಥಬೀಸ್ ಸಂಸ್ಥೆಯಲ್ಲಿ ಹರಾಜಾಗಿ ಹಂಚಿಹೋಯಿತು.

ನೆದರ್‌ಲ್ಯಾಂಡ್ಸ್‌ನ ಎನ್‌ಸ್ಖೆಡೆ ಎಂಬ ಊರಿನಲ್ಲಿ ಪೊಲರಾಯ್ಡಿನ ಕಾರ್ಖಾನೆಯೊಂದಿತ್ತು. 2008ರಲ್ಲಿ ಅದೂ ಮುಚ್ಚಿತು. ಯಂತ್ರಗಳು ಗುಜರಿಗೆ ಹೋಗುವುದರಲ್ಲಿದ್ದವು. ಆಗ ಆಸ್ಟ್ರಿಯಾದ ಫ್ಲೋರಿಯನ್ ಕಾಪ್ಸ್ ಮತ್ತು ಆ ಕಾರ್ಖಾನೆಯಲ್ಲೇ ದುಡಿದಿದ್ದ ಆಂದ್ರೆ ಬೋಸ್ಮನ್ ಸೇರಿ ಯಂತ್ರಗಳನ್ನು ಕೊಂಡು, ಕಟ್ಟಡವನ್ನು ಬಾಡಿಗೆಗೆ ಹಿಡಿದರು. ತಮ್ಮ ಸಾಹಸಕ್ಕೆ ಅವರು ಇಟ್ಟ ಹೆಸರು 'ಇಂಪಾಸಿಬಲ್ ಪ್ರಾಜೆಕ್ಟ್', ಅಂದರೆ ಅಸಾಧ್ಯ ಯೋಜನೆ. ಹೆಸರಿಗೆ ತಕ್ಕ ಕಷ್ಟವೇ ಇತ್ತು. ಯಂತ್ರಗಳಿದ್ದವು, ಬೆರಳೆಣಿಕೆಯ ಹಳೆಯ ಕೆಲಸಗಾರರೂ ಇದ್ದರು. ಆದರೆ ಹಳೆಯ ಫಿಲ್ಮಿಗೆ ಬೇಕಾದ ಎಷ್ಟೋ ರಾಸಾಯನಿಕಗಳು ಮಾರುಕಟ್ಟೆಯಲ್ಲೇ ಇರಲಿಲ್ಲ. ಇಡೀ ಫಿಲ್ಮನ್ನು ಹೊಸದಾಗಿಯೇ ರೂಪಿಸಬೇಕಾಯಿತು. 2010ರ ಮಾರ್ಚ್‌ನಲ್ಲಿ ಅವರ ಮೊದಲ ಫಿಲ್ಮ್ ಹೊರಬಂತು. ಅದರಲ್ಲಿ ಕೊರತೆಗಳು ಹಲವಿದ್ದವು. ಕ್ಯಾಮರಾದಿಂದ ಹೊರಬರುವಾಗಲೇ ಬೆಳಕಿಗೆ ಮರೆಮಾಡದಿದ್ದರೆ ಚಿತ್ರ ಕೆಡುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದು ಸುಧಾರಿಸಿತು. 2017ರಲ್ಲಿ ಕಂಪೆನಿ 'ಪೊಲರಾಯ್ಡ್ ಒರಿಜಿನಲ್ಸ್' ಎಂಬ ಹೆಸರನ್ನೂ 2020ರಲ್ಲಿ 'ಪೊಲರಾಯ್ಡ್' ಎಂಬ ಮೂಲ ಹೆಸರನ್ನೂ ಪಡೆಯಿತು.

ಸುಲಿಯುವ ಫಿಲ್ಮಿಗೆ ಈ ಭಾಗ್ಯ ದೊರೆಯಲಿಲ್ಲ. ಅಂತಹ ಫಿಲ್ಮನ್ನು ಕೊನೆಯವರೆಗೂ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಜಪಾನಿನ ಫ್ಯೂಜಿಫಿಲ್ಮ್ ಕೂಡ ತನ್ನ ಎಫ್‌ಪಿ-100ಸಿ ಫಿಲ್ಮನ್ನು ನಿಲ್ಲಿಸುವುದಾಗಿ 2016ರಲ್ಲಿ ಹೇಳಿತು. ಹೀಗಾಗಿ ನೆಗೆಟಿವ್ ಒತ್ತಿ ಮಾಡುವ ವರ್ಗಾವಣೆ ಇಂದು ಹೆಚ್ಚುಕಡಿಮೆ ಹಳೆಯ ದಾಸ್ತಾನು ಉಳ್ಳವರ ಕಲೆಯಾಗಿದೆ. ಪದರ ಎತ್ತುವ ಕಲೆ ಮಾತ್ರ ಹೊಸ ಪೊಲರಾಯ್ಡ್ ಫಿಲ್ಮಿನ ನೆರವಿನಿಂದ ಬದುಕಿಕೊಂಡಿದೆ.

ಮಾಡಿ ನೋಡಬೇಕೆನ್ನುವವರಿಗೆ

ಈಗ ಸಿಗುವ ಪೊಲರಾಯ್ಡ್ ಫಿಲ್ಮಿನ ಒಂದು ಪೊಟ್ಟಣದಲ್ಲಿ 8 ಚಿತ್ರಗಳಿರುತ್ತವೆ. ನಮ್ಮಲ್ಲಿ ಇದು ಅಗ್ಗದ ವಸ್ತುವಲ್ಲ. ಆದ್ದರಿಂದ ಮೊದಲು ವಿಧಾನವನ್ನು ಚೆನ್ನಾಗಿ ಓದಿ ಮನಸ್ಸಿನಲ್ಲಿಟ್ಟುಕೊಂಡು ಕೈಹಾಕುವುದು ಜಾಣತನ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಫ್ಯೂಜಿಫಿಲ್ಮಿನ ಇನ್‌ಸ್ಟಾಕ್ಸ್. ಅದರ ಪದರ ಇಷ್ಟು ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ಹೊಸಬರು ಅದರಿಂದ ಆರಂಭಿಸದಿರುವುದು ಒಳ್ಳೆಯದು.

ಬೇಕಾಗುವ ವಸ್ತುಗಳು: ಚಿತ್ರ ಪೂರ್ತಿ ಮೂಡಿದ ಒಂದು ಪೊಲರಾಯ್ಡ್ ಫೋಟೋ, ಕತ್ತರಿ, ರಬ್ಬರ್ ಕೈಗವಸು, ಅಗಲವಾದ ಎರಡು ತಟ್ಟೆ, ಮೆತ್ತನೆಯ ಕೂದಲಿನ ಎರಡು ಬ್ರಷ್, ಜಲವರ್ಣದ ದಪ್ಪ ಕಾಗದ.

1. ಫೋಟೋದ ಸುತ್ತಲಿನ ಬಿಳಿ ಅಂಚನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಬದಿಯಿಂದ ಹಿಂದಿನ ಕಪ್ಪು ಹಾಳೆಯನ್ನೂ ಮುಂದಿನ ಪಾರದರ್ಶಕ ಹಾಳೆಯನ್ನೂ ಮೆಲ್ಲನೆ ಬೇರ್ಪಡಿಸಿ. ನಮಗೆ ಬೇಕಾದ ಚಿತ್ರ ಪಾರದರ್ಶಕ ಹಾಳೆಗೆ ಅಂಟಿಕೊಂಡಿರುತ್ತದೆ.

2. ಅದನ್ನು ಕೈ ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಚಿತ್ರದ ಬದಿ ಮೇಲಾಗುವಂತೆ ಮುಳುಗಿಸಿಡಿ. ಕೆಲವು ನಿಮಿಷ ಬಿಟ್ಟು, ಬ್ರಷ್ಷಿನಿಂದ ಅಂಚುಗಳನ್ನು ಒಳಮುಖವಾಗಿ ಸವರುತ್ತಾ ಬನ್ನಿ. ಪದರ ತಾನಾಗಿ ಸಡಿಲಗೊಳ್ಳಬೇಕು. ಉಗುರಿನಿಂದ ಕೆರೆಯಬಾರದು, ಎಳೆಯಲೂಬಾರದು. ಬಿಡದಿದ್ದರೆ ಸ್ವಲ್ಪ ಬಿಸಿನೀರು ಸೇರಿಸಿ ಇನ್ನಷ್ಟು ಹೊತ್ತು ಕಾಯಿರಿ.

3. ಪದರದ ಹಿಂಬದಿಯಲ್ಲಿ ಸುಣ್ಣದಂತಹ ಬಿಳಿ ಲೇಪ ಉಳಿದಿರುತ್ತದೆ. ಅದನ್ನು ಬ್ರಷ್ಷಿನ ತುದಿಯಿಂದ ಹಗುರವಾಗಿ ತೊಳೆದು ತೆಗೆಯಿರಿ.

4. ಪದರವನ್ನು ಶುದ್ಧ ನೀರಿನ ಎರಡನೆಯ ತಟ್ಟೆಗೆ ಸಾಗಿಸಿ. ಅದು ಮುದುಡಿಕೊಂಡರೆ ಗಾಬರಿಯಾಗಬೇಡಿ. ನೀರಿನೊಳಗೇ ಬ್ರಷ್ಷಿನಿಂದ ನೀರನ್ನು ಅಲುಗಿಸಿದರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

5. ಈಗ ಜಲವರ್ಣದ ಕಾಗದವನ್ನು ನೀರಿನೊಳಗೆ ಪದರದ ಕೆಳಗೆ ತನ್ನಿ. ಪದರದ ಒಂದು ಅಂಚನ್ನು ಕಾಗದಕ್ಕೆ ತಾಗಿಸಿ ಹಿಡಿದು ಎರಡನ್ನೂ ಓರೆಯಾಗಿ ಮೇಲೆತ್ತಿ. ಒದ್ದೆ ಇರುವಾಗಲೇ ನೆರಿಗೆಗಳನ್ನು ನಿಮಗೆ ಬೇಕಾದಂತೆ ತಿದ್ದಿ. ಬಳಿಕ ನೆರಳಿನಲ್ಲಿ ಒಣಗಲು ಬಿಡಿ.

ಗಾಜು, ನುಣುಪಾದ ಮರ, ಕ್ಯಾನ್ವಾಸ್, ಚಪ್ಪಟೆ ಕಲ್ಲು, ಹೀಗೆ ಹಲವು ವಸ್ತುಗಳ ಮೇಲೆ ಪದರ ಕೂರುತ್ತದೆ. ಕಾಗದವಾದರೆ ಆಮ್ಲರಹಿತವಾದದ್ದನ್ನೇ ಆರಿಸಿ, ಬಹುಕಾಲ ಹಳದಿಯಾಗದೆ ಉಳಿಯುತ್ತದೆ. ಚೌಕಟ್ಟು ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.

ಎಚ್ಚರಿಕೆಯ ಮಾತು

ಫಿಲ್ಮಿನೊಳಗಿನ ಲೇಪ ಬಲವಾದ ಕ್ಷಾರ. ಚರ್ಮಕ್ಕೆ ತಾಗಿದರೆ ಉರಿಯಾಗುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕೈಗವಸು ಹಾಕದೆ ಈ ಕೆಲಸಕ್ಕೆ ಕೂರಬೇಡಿ. ತಾಗಿದರೆ ಕೂಡಲೇ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗಾಳಿಯಾಡುವ ಕಡೆ ಕುಳಿತುಕೊಳ್ಳಿ. ಪುಟ್ಟ ಮಕ್ಕಳು ಮಲಗಿರುವ ಹೊತ್ತೇ ಇದಕ್ಕೆ ಒಳ್ಳೆಯದು. ಈ ಕೆಲಸಕ್ಕೆ ಬಳಸಿದ ತಟ್ಟೆ, ಬ್ರಷ್ಷುಗಳನ್ನು ಎಷ್ಟೇ ತೊಳೆದರೂ ಮತ್ತೆ ಅಡುಗೆಗೆ ಬಳಸಬಾರದು. ಅವುಗಳನ್ನು ಬೇರೆಯಾಗಿಯೇ ಎತ್ತಿಡಿ.

ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ಮುಖ್ಯವಾದದ್ದು. ಗಲ್ಫಿನಲ್ಲಿ ದುಡಿದು ಬಂದ ತಂದೆಯೋ ಚಿಕ್ಕಪ್ಪನೋ ಎಂದೋ ತೆಗೆದ, ಬಿಳಿ ಅಂಚಿನ ಹಳೆಯ ಪೊಲರಾಯ್ಡ್ ಚಿತ್ರ ನಿಮ್ಮ ಆಲ್ಬಮ್ಮಿನಲ್ಲಿದ್ದರೆ ಅದನ್ನು ನೀರಿಗೆ ಹಾಕುವ ಯೋಚನೆಯನ್ನೇ ಮಾಡಬೇಡಿ. ಅದಕ್ಕೆ ನೆಗೆಟಿವ್ ಇಲ್ಲ, ಎರಡನೆಯ ಪ್ರತಿಯೂ ಇಲ್ಲ. ಹಳೆಯ ಪದರ ಬಿಡಿಸಲು ಹೋದರೆ ಅಜ್ಜಿಯ ಮುಖವೇ ಪುಡಿಯಾಗಿ ಹೋದೀತು. ಅದನ್ನು ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಇಟ್ಟುಕೊಳ್ಳಿ, ಮೂಲವನ್ನು ತಂಪಾದ ಒಣ ಜಾಗದಲ್ಲಿ ಜೋಪಾನ ಮಾಡಿ. ಅದೇ ಚಿತ್ರದಿಂದ ಕಲಾಕೃತಿ ಮಾಡಲೇಬೇಕೆಂಬ ಆಸೆಯಿದ್ದರೆ ದಾರಿಯಿದೆ. ಮೊಬೈಲಿನ ಪರದೆಯ ಮೇಲಿನ ಚಿತ್ರವನ್ನು ಪೊಲರಾಯ್ಡ್ ಫಿಲ್ಮಿನ ಮೇಲೆ ಮೂಡಿಸುವ 'ಪೊಲರಾಯ್ಡ್ ಲ್ಯಾಬ್' ಎಂಬ ಉಪಕರಣ 2019ರಲ್ಲಿ ಬಂದಿದೆ. ಹಾಗೆ ಪಡೆದ ಪ್ರತಿಯನ್ನು ನೀರಿಗೆ ಹಾಕಬಹುದು. ಕೆಟ್ಟರೂ ಮೂಲ ಉಳಿದಿರುತ್ತದೆ.

ಫಿಲ್ಮ್ ಕೊಳ್ಳಲಾಗದವರು

ಪೊಲರಾಯ್ಡ್ ಫಿಲ್ಮಿಗೆ ದುಡ್ಡು ಹಾಕಲು ಎಲ್ಲ ಮನೆಗಳಿಂದಲೂ ಆಗದು. ಅಂತಹ ಸಹೋದರಿಯರು ನಿರಾಶರಾಗಬೇಕಿಲ್ಲ. ಲೇಸರ್ ಪ್ರಿಂಟಿನಿಂದಲೂ ಇದರ ಹತ್ತಿರದ ಕೆಲಸವೊಂದನ್ನು ಮಾಡಬಹುದು.

ನಿಮಗೆ ಇಷ್ಟವಾದ ಫೋಟೋವನ್ನು ಜೆರಾಕ್ಸ್ ಅಂಗಡಿಯಲ್ಲಿ ಸಾಮಾನ್ಯ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರಲಿ. ಇಲ್ಲವಾದರೆ ಅಕ್ಷರಗಳೆಲ್ಲ ಕೊನೆಯಲ್ಲಿ ಉಲ್ಟಾ ಕಾಣುತ್ತವೆ. ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಆಕ್ರಿಲಿಕ್ ಜೆಲ್ ಮೀಡಿಯಮ್ ಸಿಗುತ್ತದೆ. ಅದನ್ನು ನುಣುಪಾದ ಮರದ ಹಲಗೆಯ ಮೇಲೆ ಸಮವಾಗಿ ಸವರಿ, ಪ್ರಿಂಟನ್ನು ಮುಖ ಕೆಳಗಾಗಿ ಅಂಟಿಸಿ, ಗುಳ್ಳೆಗಳಿಲ್ಲದಂತೆ ಒತ್ತಿ ಒಂದು ರಾತ್ರಿ ಒಣಗಲು ಬಿಡಿ. ಮರುದಿನ ಕಾಗದವನ್ನು ಒದ್ದೆ ಮಾಡಿ ಬೆರಳ ತುದಿಯಿಂದ ವೃತ್ತಾಕಾರವಾಗಿ ಉಜ್ಜಿ. ಕಾಗದ ಎಳೆಎಳೆಯಾಗಿ ಉದುರಿ ಹೋಗಿ ಚಿತ್ರದ ಮಸಿ ಮಾತ್ರ ಮರದ ಮೇಲೆ ಉಳಿಯುತ್ತದೆ. ಮರದ ಗೆರೆಗಳು ಚಿತ್ರದೊಳಗಿಂದ ಇಣುಕುತ್ತವೆ. ಹೆಚ್ಚು ಉಜ್ಜಿದ ಕಡೆ ಚಿತ್ರವೂ ಸವೆಯುತ್ತದೆ. ಇಲ್ಲಿಯೂ ಬೇಕಾಗಿರುವುದು ಹಗುರವಾದ ಕೈಯೇ.

ಮೊದಲ ಪ್ರಯತ್ನಕ್ಕೆ ಮದುವೆಯ ಫೋಟೋ ಬೇಡ. ಅಂಗಳದ ದಾಸವಾಳ, ಹಳೆಯ ಕಿಟಕಿ, ಮಳೆಯಲ್ಲಿ ನೆನೆದ ಬಾಳೆ ಎಲೆ, ತವರುಮನೆಯ ಹೆಂಚಿನ ಮಾಡು, ಇಂತಹ ಯಾವುದಾದರೂ ಚಿತ್ರವನ್ನು ಆರಿಸಿಕೊಳ್ಳಿ. ಗಾಢ ಕಪ್ಪು ಕಡಿಮೆಯಿದ್ದು ತಿಳಿ ಬಣ್ಣಗಳಿದ್ದರೆ ಹೊಸಬರ ಕೈಗೂ ಒಲಿಯುತ್ತದೆ.

ಕಲೆ ಎಂದರೆ ಕುಂದಿಲ್ಲದ್ದು ಎಂದು ನಾವು ಅನೇಕರು ಭಾವಿಸಿದ್ದೇವೆ. "ನನಗೆ ಚಿತ್ರ ಬರೆಯಲು ಬರುವುದಿಲ್ಲ" ಎಂದು ಶಾಲೆಯ ದಿನಗಳಲ್ಲೇ ಬ್ರಷ್ಷನ್ನು ಕೆಳಗಿಟ್ಟ ಹೆಣ್ಣುಮಕ್ಕಳು ಎಷ್ಟು ಮಂದಿ! ಪದರ ಎತ್ತುವ ಈ ಕಲೆಯಲ್ಲಿ ಹರಿದ ಅಂಚನ್ನೂ ಬಿದ್ದ ಸುಕ್ಕನ್ನೂ ಯಾರೂ ತಪ್ಪೆಂದು ಎಣಿಸುವುದಿಲ್ಲ. ಆ ಸುಕ್ಕು ಮಾಡಿದವರ ಕೈಯ ಗುರುತು. ಎಂಟು ಚಿತ್ರಗಳ ಪೊಟ್ಟಣದಲ್ಲಿ ಮೂರೋ ನಾಲ್ಕೋ ಕೆಡಬಹುದು. ಉಳಿದವುಗಳಲ್ಲಿ ಒಂದು ಖಂಡಿತ ಗೋಡೆಯ ಮೇಲೆ ಜಾಗ ಪಡೆಯುತ್ತದೆ. ಮೊಬೈಲಿನಲ್ಲಿರುವ ಸಾವಿರ ಫೋಟೋಗಳ ನಡುವೆ ಆ ಒಂದನ್ನು ನಿಮ್ಮ ಮಕ್ಕಳು ದೊಡ್ಡವರಾದ ಮೇಲೂ ನೆನಪಿಟ್ಟುಕೊಳ್ಳುತ್ತಾರೆ. ಏಕೆಂದರೆ ಅದನ್ನು ತಾಯಿ ನೀರಿನಿಂದ ಎತ್ತಿ ಕಾಗದದ ಮೇಲೆ ಹಾಸುವಾಗ ಅವರು ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ.